ಭಾನುವಾರ ಬೆಳಗ್ಗೆ ಆರೂವರೆಗೆ ಕೆರೆಯ ದಂಡೆಯಲ್ಲಿ: ಹೊರಾಂಗಣದ ಒಡನಾಟ ಮೂರು ತಿಂಗಳಿಗೇ ಕರಗದಂತೆ ಉಳಿಸುವುದು ಹೇಗೆ?

ಕೆರೆದಂಡೆ, ಮೈಸೂರು

ಎಲ್ಲರಿಗೂ ನಮಸ್ಕಾರ. ನಾನು ಪ್ರೌಢಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದವಳು. ನಮ್ಮ ಬಡಾವಣೆಯ ಹದಿನೈದು ಇಪ್ಪತ್ತು ಜನ ಕಳೆದ ಐದು ವರ್ಷಗಳಿಂದ ಪ್ರತಿ ಭಾನುವಾರ ಬೆಳಗ್ಗೆ ಆರೂವರೆಗೆ ಕುಕ್ಕರಹಳ್ಳಿ ಕೆರೆಯ ದಂಡೆಯಲ್ಲಿ ಸೇರುತ್ತಿದ್ದೇವೆ. ಎಂಟು ವರ್ಷದ ಮಕ್ಕಳಿಂದ ಹಿಡಿದು ಎಪ್ಪತ್ತೈದು ದಾಟಿದ ಹಿರಿಯರವರೆಗೆ ಎಲ್ಲ ವಯಸ್ಸಿನವರೂ ನಮ್ಮಲ್ಲಿದ್ದಾರೆ. ಇಂತಹ ಗುಂಪುಗಳು ಉತ್ಸಾಹದಿಂದ ಹುಟ್ಟಿ, ಫೋಟೋ ತೆಗೆಸಿಕೊಂಡು, ಮಳೆಗಾಲ ಬರುವ ಹೊತ್ತಿಗೆ ಹೆಸರಿಲ್ಲದಂತೆ ಹೋಗುವುದನ್ನು ನಾನು ಹಲವು ಸಲ ಕಂಡಿದ್ದೇನೆ. ನಿಮ್ಮ ಊರುಗಳಲ್ಲಿ ಯಾವುದು ಉಳಿದಿದೆ, ಏಕೆ ಉಳಿದಿದೆ ಎಂಬುದನ್ನು ತಿಳಿಯಬೇಕೆಂಬ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ. ಮೊದಲು ನಮ್ಮ ಅನುಭವ ಹೇಳುತ್ತೇನೆ.

ನಾವು ಎರಡು ಸಲ ಸೋತೆವು. ಮೊದಲ ಸಲ ನಡಿಗೆಯ ಬಳಗ ಕಟ್ಟಿದೆವು. ಒಂದೇ ಬಣ್ಣದ ಟೀ ಶರ್ಟ್ ಹೊಲಿಸಿದೆವು, ಯಾರು ಎಷ್ಟು ಕಿಲೋಮೀಟರ್ ನಡೆದರೆಂದು ಪಟ್ಟಿ ಮಾಡಿದೆವು. ಬೇಗ ನಡೆಯುವವರು ಮುಂದೆ ಹೋದರು, ಮಂಡಿನೋವಿನವರು ಹಿಂದೆ ಉಳಿದರು, ಹಿಂದೆ ಉಳಿದವರು ನಾಲ್ಕನೆಯ ವಾರದಿಂದ ಬರಲಿಲ್ಲ. ಎರಡನೆಯ ಸಲ ಉದ್ಯಾನದಲ್ಲಿ ವ್ಯಾಯಾಮದ ತರಗತಿ ನಡೆಸಿದೆವು; ಹೇಳಿಕೊಡುವವರು ಊರು ಬಿಟ್ಟ ದಿನವೇ ಅದು ನಿಂತುಹೋಯಿತು.

ಮೂರನೆಯದು ನಾವು ಯೋಜಿಸಿದ್ದಲ್ಲ. ಒಂದು ಬೆಳಗ್ಗೆ ಏಳನೆಯ ತರಗತಿಯ ಹುಡುಗಿಯೊಬ್ಬಳು ತನ್ನ ಅಜ್ಜಿಯ ಜೊತೆ ಕೆರೆಗೆ ಬಂದಿದ್ದಳು. ನೀರಿನಿಂದ ಮೇಲೆದ್ದ ಒಣಮರದ ಮೇಲೆ ಕಪ್ಪು ಹಕ್ಕಿಯೊಂದು ಎರಡು ರೆಕ್ಕೆಗಳನ್ನೂ ಅಗಲಿಸಿ, ಹಗ್ಗಕ್ಕೆ ಒಣಹಾಕಿದ ಬಟ್ಟೆಯಂತೆ ಅಲುಗಾಡದೆ ಕುಳಿತಿತ್ತು. ‘ಅದಕ್ಕೆ ಏನಾಗಿದೆ ಮಿಸ್?’ ಎಂದು ಅವಳು ಕೇಳಿದಳು. ಅದು ನೀರುಕಾಗೆ ಎಂದೂ, ಮೀನು ಹಿಡಿಯಲು ಮುಳುಗುವಾಗ ಅದರ ಗರಿಗಳು ನೆನೆಯುವುದರಿಂದ ಮೇಲೆ ಬಂದು ಹಾಗೆ ಒಣಗಿಸಿಕೊಳ್ಳುತ್ತದೆಂದೂ ಹೇಳಿದೆ. ‘ಹಾಗಾದರೆ ಇಂತಹವು ಎಷ್ಟಿವೆ ಎಣಿಸೋಣವೇ?’ ಎಂದಳು. ಅಂದು ಆರು ಜನ ಸೇರಿ ಎಣಿಸಿದೆವು. ಮುಂದಿನ ಭಾನುವಾರ ಅವಳೇ ಒಂದು ನೋಟ್‌ಬುಕ್ ತಂದಳು. ಆ ನೋಟ್‌ಬುಕ್ಕೇ ಇಂದಿಗೂ ನಮ್ಮನ್ನು ಒಂದುಗೂಡಿಸಿರುವುದು. ಈಗ ನಾಲ್ಕನೆಯ ನೋಟ್‌ಬುಕ್ ನಡೆಯುತ್ತಿದೆ.

ಈ ಕೆರೆಯನ್ನು ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಕಟ್ಟಿಸಿದರು, ಕುವೆಂಪು ಅವರು ನಡೆದಾಡುತ್ತಿದ್ದ ದಂಡೆ ಇದು ಎಂಬುದೆಲ್ಲ ಮೈಸೂರಿನವರಿಗೆ ಬಾಯಿಪಾಠ. ಆದರೆ ಹಾವಿನಂತೆ ಉದ್ದ ಕತ್ತಿನ ಹಾವಕ್ಕಿ ಮತ್ತು ನೀರುಕಾಗೆಗಳ ವ್ಯತ್ಯಾಸವನ್ನು ನಮ್ಮಲ್ಲಿ ಹೆಚ್ಚಿನವರು ಮೊದಲ ಬಾರಿ ಗಮನಿಸಿದ್ದು ಎಣಿಸಲು ತೊಡಗಿದ ಮೇಲೆಯೇ. ಎಣಿಸುವವರು ನಿಂತು ನೋಡಲೇಬೇಕು. ನಿಂತಾಗ ನಿಧಾನವಾಗಿ ನಡೆಯುವವರು ಬಂದು ಸೇರುತ್ತಾರೆ. ಪೂರ್ತಿ ಸುತ್ತು ಮುಗಿಯುವಷ್ಟರಲ್ಲಿ ಎರಡು ಗಂಟೆ ಕಳೆದಿರುತ್ತದೆ, ಯಾರಿಗೂ ವ್ಯಾಯಾಮ ಮಾಡಿದೆವೆಂಬ ಆಯಾಸ ಇರುವುದಿಲ್ಲ. ಗೊತ್ತಾದ ಜಾಗ, ಗೊತ್ತಾದ ಹೊತ್ತು, ಕೈಗೆ ಒಂದು ಸಣ್ಣ ಕೆಲಸ, ಈ ಮೂರಿದ್ದರೆ ಬಳಗ ಉಳಿಯುತ್ತದೆ ಎಂಬುದು ನನ್ನ ನಂಬಿಕೆ. ನಿಮ್ಮ ಅನುಭವ ಬೇರೆಯಾಗಿದ್ದರೆ ದಯವಿಟ್ಟು ತಿಳಿಸಿ.

ಏಳುಕಲ್ಲು, ಬೆಂಗಳೂರು

ಮೇಡಂ, ನಿಮ್ಮ ಮಾತು ಓದಿ ಸಂತೋಷವಾಯಿತು. ನಮ್ಮದು ಮುನ್ನೂರು ಮನೆಗಳ ಅಪಾರ್ಟ್‌ಮೆಂಟ್. ಹತ್ತಿರದಲ್ಲಿ ಕೆರೆಯಿಲ್ಲ, ಮೈದಾನವೂ ಇಲ್ಲ. ಮಕ್ಕಳು ಸಂಜೆ ಚೆಂಡಾಟವಾಡುತ್ತಿದ್ದುದನ್ನು ಗಾಜು ಒಡೆಯುತ್ತದೆ, ಗಲಾಟೆಯಾಗುತ್ತದೆ ಎಂಬ ಕಾರಣಕ್ಕೆ ಎರಡು ವರ್ಷಗಳ ಹಿಂದೆ ಅಪಾರ್ಟ್‌ಮೆಂಟಿನ ಸಂಘದವರು ಫಲಕ ಹಾಕಿ ನಿಲ್ಲಿಸಿದರು. ಆ ಫಲಕ ಹಾಕಿದ ವಾರವೇ ನನ್ನ ಒಂಬತ್ತು ವರ್ಷದ ಮಗ ಮೊಬೈಲ್ ಹಿಡಿದು ಸೋಫಾದ ಮೂಲೆ ಸೇರಿದ. ನನಗೆ ನಿಜಕ್ಕೂ ನೋವಾಯಿತು.

ನಾವು ನಾಲ್ಕು ಮನೆಯವರು ಜಗಳಕ್ಕೆ ಹೋಗದೆ ಒಂದು ಮನವಿ ಸಲ್ಲಿಸಿದೆವು: ಶನಿವಾರ ಸಂಜೆ ನಾಲ್ಕೂವರೆಯಿಂದ ಆರರವರೆಗೆ ಮಾತ್ರ, ಹಿಂಬದಿಯ ವಾಹನ ನಿಲ್ಲಿಸುವ ಜಾಗದಲ್ಲಿ, ಬಟ್ಟೆಚೆಂಡಿನಲ್ಲಿ, ಇಬ್ಬರು ದೊಡ್ಡವರ ಎದುರಿಗೇ ಆಟ ನಡೆಯಲಿ ಎಂದು ಕೇಳಿಕೊಂಡೆವು. ಒಪ್ಪಿದರು. ಮೊದಲ ದಿನ ಲಗೋರಿ ಆಡಿಸಿದೆವು. ಏಳು ಚಪ್ಪಟೆ ಕಲ್ಲು ಹುಡುಕುವುದೇ ಮಕ್ಕಳಿಗೆ ಅರ್ಧ ಗಂಟೆಯ ಆಟವಾಯಿತು. ಒಡೆದ ಟೈಲ್ಸ್ ಚೂರುಗಳ ಅಂಚನ್ನು ಕಾವಲಿನವರೊಬ್ಬರು ನೆಲಕ್ಕೆ ಉಜ್ಜಿ ಮೊಂಡು ಮಾಡಿಕೊಟ್ಟರು. ಎರಡನೆಯ ವಾರ ಮೂರನೆಯ ಮಹಡಿಯ ಅಜ್ಜಿಯೊಬ್ಬರು ಕೆಳಗಿಳಿದು ಬಂದು, ಸೀಮೆಸುಣ್ಣದಲ್ಲಿ ಕುಂಟೆಬಿಲ್ಲೆಯ ಮನೆಗಳನ್ನು ತಾವೇ ಬರೆದರು. ಚಿನ್ನಿದಾಂಡನ್ನು ಮಾತ್ರ ಬೇಡವೆಂದೆವು. ಅಷ್ಟು ಚಿಕ್ಕ ಜಾಗದಲ್ಲಿ ಚಿನ್ನಿ ಕಣ್ಣಿಗೆ ಹಾರುವ ಭಯವಿದೆ.

ಈಗ ಶನಿವಾರ ಮೂವತ್ತು ಮಕ್ಕಳು ಬರುತ್ತಾರೆ. ಆದರೆ ನಮ್ಮ ಓರಗೆಯ ತಂದೆತಾಯಿಯರು ಮಕ್ಕಳನ್ನು ಬಿಟ್ಟು ಮೇಲೆ ಹೋಗಿಬಿಡುತ್ತಾರೆ, ಅವರನ್ನು ಹೊರಗೆ ಎಳೆಯುವುದು ಹೇಗೆ ಎಂಬುದೇ ನಮ್ಮ ಚಿಂತೆ. ಭಾನುವಾರ ವಾಹನಗಳಿಲ್ಲದ ಕಬ್ಬನ್ ಪಾರ್ಕಿಗೆ ಹೋಗೋಣವೆಂದರೆ ‘ಅಲ್ಲಿ ಹೋಗಿ ಏನು ಮಾಡುವುದು?’ ಎಂದು ಕೇಳುತ್ತಾರೆ.

ಕೆರೆದಂಡೆ, ಮೈಸೂರು

‘ಏನು ಮಾಡುವುದು?’ ಎಂಬ ಪ್ರಶ್ನೆ ಸರಿಯಾದದ್ದೇ. ದೊಡ್ಡವರಿಗೂ ಒಂದು ಕೆಲಸ ಬೇಕು. ಪ್ರತಿ ವರ್ಷ ಫೆಬ್ರುವರಿಯಲ್ಲಿ ನಾಲ್ಕು ದಿನ ಜಗತ್ತಿನಾದ್ಯಂತ ‘ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್’ ಎಂಬ ಹಕ್ಕಿ ಎಣಿಕೆ ನಡೆಯುತ್ತದೆ. 1998ರಲ್ಲಿ ಉತ್ತರ ಅಮೆರಿಕದಲ್ಲಿ ಆರಂಭವಾದ ಇದರಲ್ಲಿ 2013ರಿಂದ ನಮ್ಮ ದೇಶದವರೂ ಪಾಲ್ಗೊಳ್ಳುತ್ತಿದ್ದಾರೆ. ನಿಯಮ ಬಹಳ ಸರಳ: ಒಂದು ಜಾಗದಲ್ಲಿ ಕನಿಷ್ಠ ಹದಿನೈದು ನಿಮಿಷ ಇದ್ದು, ಗುರುತು ಸಿಕ್ಕ ಎಲ್ಲ ಹಕ್ಕಿಗಳ ಹೆಸರು ಮತ್ತು ಸಂಖ್ಯೆ ಬರೆದು, ‘ಇ-ಬರ್ಡ್’ ಎಂಬ ಉಚಿತ ಆ್ಯಪ್‌ಗೆ ಸೇರಿಸಬೇಕು. ಕೆರೆಯೇ ಬೇಕೆಂದಿಲ್ಲ, ನಿಮ್ಮ ಅಪಾರ್ಟ್‌ಮೆಂಟಿನ ಟೆರೇಸೂ ಆದೀತು. ಹದ್ದು, ಕಾಗೆ, ಪಾರಿವಾಳ, ಪಿಕಳಾರ, ಹೂವಿನ ಗಿಡವಿದ್ದರೆ ಸೂರಕ್ಕಿ, ಇಷ್ಟಂತೂ ಸಿಕ್ಕೇ ಸಿಗುತ್ತವೆ. ಮೊದಲ ಸಲ ಟೆರೇಸಿನಲ್ಲಿ ಎಣಿಸಿ, ಎರಡನೆಯ ಸಲ ಕಬ್ಬನ್ ಪಾರ್ಕಿಗೆ ಕರೆದು ನೋಡಿ. ‘ಅಲ್ಲಿ ಕುಟ್ರುಹಕ್ಕಿ ಸಿಗಬಹುದು’ ಎಂದರೆ ಕಾರಣ ಸಿಕ್ಕಂತಾಯಿತು.

ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಅವುಗಳನ್ನು ಹತ್ತಿರ ಕರೆಯುವುದನ್ನು ಮಾತ್ರ ಯಾರೂ ಮಾಡಬಾರದು. ಗೂಡು ಕಾಯುವ ಹಕ್ಕಿ ವೈರಿ ಬಂದಿತೆಂದು ತಿಳಿದು ಗೂಡು ಬಿಟ್ಟು ಬರುತ್ತದೆ.

ಪುತ್ತೂರಿನವ

ನಮ್ಮ ಕಡೆಯ ಮಾತು ಹೇಳುತ್ತೇನೆ. ಊರಿನವರೆಲ್ಲ ಸೇರಿ ಗದ್ದೆಯ ಕೆಸರಿನಲ್ಲಿ ಆಡುವ ಕೂಟವೊಂದಿದೆ, ತುಳುವಿನಲ್ಲಿ ಅದಕ್ಕೆ ‘ಕೆಸರ್ಡ್ ಒಂಜಿ ದಿನ’ ಎನ್ನುತ್ತೇವೆ, ಕೆಸರಿನಲ್ಲಿ ಒಂದು ದಿನ ಎಂದರ್ಥ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಆಟಿ ತಿಂಗಳಲ್ಲಿ, ಮಳೆ ಬಿಡದೆ ಹೊಯ್ಯುವ ಕಾಲದಲ್ಲಿ, ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳ ಯುವಕ ಮಂಡಲ, ಮಹಿಳಾ ಮಂಡಲ, ಭಜನಾ ಮಂಡಳಿಗಳು ಊರಿನ ಯಾವುದಾದರೂ ಗದ್ದೆಯಲ್ಲಿ ಇದನ್ನು ನಡೆಸುತ್ತವೆ. ಹಗ್ಗಜಗ್ಗಾಟ, ಕೆಸರಿನ ಓಟ, ವಾಲಿಬಾಲ್, ಒಬ್ಬರು ಕುಳಿತ ಅಡಿಕೆ ಹಾಳೆಯನ್ನು ಇನ್ನೊಬ್ಬರು ಎಳೆದು ಓಡುವ ಆಟ, ಕೆಸರಿನಲ್ಲಿ ಹುದುಗಿಸಿಟ್ಟ ವಸ್ತುವನ್ನು ಹುಡುಕುವ ನಿಧಿಶೋಧ ಹೀಗೆ ಬೆಳಗ್ಗಿನಿಂದ ಸಂಜೆಯವರೆಗೆ ಆಟಗಳು ಸಾಗುತ್ತವೆ. ಮಧ್ಯಾಹ್ನಕ್ಕೆ ಪತ್ರೊಡೆ, ತಿಮರೆ (ಒಂದೆಲಗ) ಚಟ್ನಿ, ಕಣಿಲೆಯ (ಎಳೆ ಬಿದಿರಿನ) ಪಲ್ಯ.

ಮೈಸೂರಿನ ಅಕ್ಕ ಹೇಳಿದ ‘ಕೈಗೆ ಒಂದು ಕೆಲಸ’ ಎಂಬ ಮಾತು ನನ್ನ ಮನಸ್ಸಿಗೆ ತಾಗಿತು. ನಮ್ಮೂರಿನಲ್ಲಿ ಮೊದಲ ಎರಡು ವರ್ಷ ಆಟ ಮುಗಿಸಿ, ಬಹುಮಾನ ಹಂಚಿ ಮನೆಗೆ ಹೋಗುತ್ತಿದ್ದೆವು. ಮೂರನೆಯ ವರ್ಷ ಜನ ಕಡಿಮೆಯಾದರು. ಆಗ ಹಿರಿಯರೊಬ್ಬರು ತಮ್ಮ ಹಡಿಲು ಬಿದ್ದ ಗದ್ದೆಯನ್ನು ತೋರಿಸಿ, ‘ಆಡುವುದಾದರೆ ಇಲ್ಲಿ ಆಡಿ, ಆದರೆ ಆಡಿದ ಮೇಲೆ ನೇಜಿ ನೆಟ್ಟು ಹೋಗಿ’ ಎಂದರು. ನೇಜಿಯೆಂದರೆ ಭತ್ತದ ಸಸಿ. ಹತ್ತು ವರ್ಷದಿಂದ ಉಳುಮೆ ಕಾಣದ ಗದ್ದೆ ಅದು. ಟಿಲ್ಲರ್ ಹೊಡೆಸಿ, ಬದು ಕಟ್ಟಿ, ನೀರು ನಿಲ್ಲಿಸಿದೆವು. ಆಟದ ಮರುದಿನ ನಲವತ್ತು ಜನ ಸಾಲಾಗಿ ನಿಂತು ನೆಟ್ಟೆವು. ಅಲ್ಲಿದ್ದ ಕಾಲೇಜು ಹುಡುಗರಲ್ಲಿ ಹೆಚ್ಚಿನವರು ನೇಜಿಯನ್ನು ಮುಟ್ಟಿದ್ದು ಅದೇ ಮೊದಲು. ಎಷ್ಟು ಬೆರಳಲ್ಲಿ ಹಿಡಿಯಬೇಕು, ಎಷ್ಟು ಆಳಕ್ಕೆ ಊರಬೇಕು ಎಂಬುದನ್ನು ಎಪ್ಪತ್ತು ವರ್ಷದ ಅಜ್ಜಿಯೊಬ್ಬರು ಪ್ರತಿಯೊಬ್ಬರ ಕೈ ಹಿಡಿದು ಕಲಿಸಿದರು. ಕೊಯ್ಲಿಗೆ ಕರೆಯದೆಯೇ ಎಲ್ಲರೂ ಬಂದರು. ತಾವು ನೆಟ್ಟ ಸಾಲನ್ನು ಹುಡುಕಿಕೊಂಡು ಬಂದವರೂ ಇದ್ದರು.

ಎಚ್ಚರಿಕೆಯ ಮಾತೊಂದಿದೆ. ಆಟಕ್ಕೆ ಎರಡು ದಿನ ಮೊದಲು ಗದ್ದೆಯ ಪ್ರತಿ ಮೂಲೆಯನ್ನೂ ಕಾಲಾಡಿಸಿ ಕಲ್ಲು, ಗಾಜು, ಮುಳ್ಳು ತೆಗೆಯಬೇಕು. ಕಾಲಿನಲ್ಲಿ ಗಾಯವಿದ್ದವರನ್ನು ಕೆಸರಿಗೆ ಇಳಿಸಬಾರದು. ಮಳೆಗಾಲದ ನೀರಿನಿಂದ ಇಲಿಜ್ವರ ತಗಲುವುದು ಹಾಗೆಯೇ. ಆಟ ಮುಗಿದೊಡನೆ ಶುದ್ಧ ನೀರಿನಲ್ಲಿ ಸ್ನಾನವಾಗಬೇಕು.

ಬೆಟ್ಟದ ಹಾದಿ, ಶಿವಮೊಗ್ಗ

ಚಾರಣದ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಗುಂಪು ಕಟ್ಟಿದ ಕೂಡಲೇ ಎಲ್ಲರ ಕಣ್ಣೂ ಕುಮಾರ ಪರ್ವತದ ಮೇಲೆ ಬೀಳುತ್ತದೆ. 1712 ಮೀಟರ್ ಎತ್ತರದ ಆ ಬೆಟ್ಟವನ್ನು ಹೊಸಬರ ಮೊದಲ ಚಾರಣವಾಗಿ ಆರಿಸುವುದು ನನಗೆ ಸರಿಕಾಣುವುದಿಲ್ಲ. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಅಲ್ಲಿ ಸೇರಿದ ಜನಜಂಗುಳಿಯ ಚಿತ್ರಗಳನ್ನು ನೀವೂ ನೋಡಿರುತ್ತೀರಿ. ಅದಾದ ಮೇಲೆಯೇ ಅರಣ್ಯ ಇಲಾಖೆ ಚಾರಣಗಳನ್ನು ಕೆಲಕಾಲ ನಿಲ್ಲಿಸಿ, ಆನ್‌ಲೈನ್ ಟಿಕೆಟ್ಟನ್ನೂ ದಿನಕ್ಕೆ ಇಷ್ಟೇ ಜನ ಎಂಬ ಮಿತಿಯನ್ನೂ ತಂದದ್ದು. ನಾನು ಈ ಮಿತಿಯನ್ನು ಪೂರ್ತಿ ಒಪ್ಪುತ್ತೇನೆ. ಕಾಡಿನ ಹಾದಿ ಸಾವಿರಾರು ಕಾಲುಗಳನ್ನು ಒಂದೇ ದಿನ ತಾಳುವುದಿಲ್ಲ.

ಮೈಸೂರಿನವರಿಗಂತೂ ಚಾಮುಂಡಿ ಬೆಟ್ಟದ ಮೆಟ್ಟಿಲುಗಳಿವೆ. ನಂದಿಯವರೆಗೆ ಹತ್ತಿ, ಕುಳಿತು, ನೀರು ಕುಡಿದು ಇಳಿದು ಬಂದರೂ ಮೊದಲ ತಿಂಗಳಿಗೆ ಅದು ಸಾಕು. ಅಲ್ಲಿ ಒಂದೊಂದು ಮೆಟ್ಟಿಲಿಗೂ ಬಗ್ಗಿ ಅರಿಶಿನ ಕುಂಕುಮ ಹಚ್ಚುತ್ತ ಏರುವ ತಾಯಂದಿರನ್ನು ನೋಡಿದವರಿಗೆ, ನಿಧಾನವೆಂಬುದು ದೌರ್ಬಲ್ಯವಲ್ಲವೆಂದು ಬೇರೆ ಯಾರೂ ಹೇಳಬೇಕಾಗಿಲ್ಲ.

ಕಾವೇರಿ ತೀರ, ಕೊಡಗು

ಕೊಡಗಿನ ಹಾಕಿ ಹಬ್ಬದ ಹೆಸರು ಇಲ್ಲಿ ಬರಲೇಬೇಕು. 1997ರಲ್ಲಿ ಕರಡ ಎಂಬ ಊರಿನಲ್ಲಿ ಪಾಂಡಂಡ ಕುಟ್ಟಪ್ಪನವರು ಕೊಡವ ಒಕ್ಕಗಳನ್ನು (ಮನೆತನಗಳನ್ನು) ಒಂದೆಡೆ ಸೇರಿಸಬೇಕೆಂದು ಅರುವತ್ತು ತಂಡಗಳೊಂದಿಗೆ ಆರಂಭಿಸಿದರು. 2024ರಲ್ಲಿ ನಾಪೋಕ್ಲಿನಲ್ಲಿ ಕುಂಡ್ಯೋಳಂಡ ಕುಟುಂಬ ನಡೆಸಿದಾಗ ಹೆಸರು ನೋಂದಾಯಿಸಿದ ತಂಡಗಳು 360. ತಂಡವೆಂದರೆ ಒಂದು ಮನೆತನ. ಹೊರಗಿನವರನ್ನು ತಂದು ಆಡಿಸುವಂತಿಲ್ಲ. ಹಾಗಾಗಿ ಹನ್ನೊಂದು ಜನರ ಲೆಕ್ಕ ತುಂಬಬೇಕಾದರೆ ಅಪ್ಪ, ಮಗಳು, ಅರುವತ್ತು ದಾಟಿದ ದೊಡ್ಡಪ್ಪ, ಶಾಲೆಯ ಹುಡುಗ ಎಲ್ಲರೂ ಒಂದೇ ತಂಡದಲ್ಲಿ ಮೈದಾನಕ್ಕೆ ಇಳಿಯುತ್ತಾರೆ. ಮೊದಲ ಪಂದ್ಯದಲ್ಲೇ ಸೋತು ಹೊರಬರುವ ತಂಡಗಳೇ ಹೆಚ್ಚು, ನಮ್ಮದೂ ಅಷ್ಟೇ. ಆದರೂ ಆ ಒಂದು ಪಂದ್ಯಕ್ಕಾಗಿ ಡಿಸೆಂಬರಿನಿಂದಲೇ ತೋಟದ ಕೆಲಸ ಮುಗಿಸಿ ಸಂಜೆ ಅಭ್ಯಾಸಕ್ಕೆ ಸೇರುತ್ತೇವೆ, ಮುಂಬೈ ದುಬೈಗಳಿಂದ ಅಣ್ಣತಮ್ಮಂದಿರು ರಜೆ ಹಾಕಿ ಬರುತ್ತಾರೆ.

ಇದು ಉಳಿದುಬಂದದ್ದಕ್ಕೆ ನನಗೆ ಕಾಣುವ ಮುಖ್ಯ ಕಾರಣ, ಪ್ರತಿ ವರ್ಷ ಬೇರೊಂದು ಮನೆತನ ಹೊಣೆ ಹೊರುತ್ತದೆ ಮತ್ತು ಹಬ್ಬ ಆ ಮನೆತನದ ಹೆಸರಿನಲ್ಲೇ ನಡೆಯುತ್ತದೆ ಎಂಬುದು. ಯಾರೋ ಒಬ್ಬರ ಹೆಗಲ ಮೇಲೆ ಇಪ್ಪತ್ತು ವರ್ಷ ಭಾರ ಬಿದ್ದಿದ್ದರೆ ಅವರೂ ದಣಿಯುತ್ತಿದ್ದರು, ಹಬ್ಬವೂ ನಿಲ್ಲುತ್ತಿತ್ತು.

ಥೇಮ್ಸ್ ದಡ, ಲಂಡನ್

ಕೊಡಗಿನವರ ಈ ಮಾತಿಗೆ ನನ್ನದೂ ಒಂದು ಸಾಕ್ಷಿ. ನಾನು ಹಾಸನದವನು, ಹದಿಮೂರು ವರ್ಷಗಳಿಂದ ಇಲ್ಲಿದ್ದೇನೆ. ಮೊದಲ ಚಳಿಗಾಲದಲ್ಲಿ ಕಚೇರಿ ಬಿಟ್ಟರೆ ಮನೆ, ಮನೆ ಬಿಟ್ಟರೆ ಕಚೇರಿ. ನಾಲ್ಕು ಗಂಟೆಗೇ ಕತ್ತಲಾಗುವ ದಿನಗಳಲ್ಲಿ ಮನಸ್ಸು ಬಹಳ ಕುಗ್ಗಿತ್ತು. ಪಕ್ಕದ ಮನೆಯವರು ಒಂದು ಶನಿವಾರ ‘ಪಾರ್ಕ್‌ರನ್’ಗೆ ಕರೆದುಕೊಂಡು ಹೋದರು.

ಇದು 2004ರ ಅಕ್ಟೋಬರ್ 2ರಂದು ಲಂಡನ್ನಿನ ಬುಷಿ ಪಾರ್ಕಿನಲ್ಲಿ ಹದಿಮೂರು ಜನರ ಓಟವಾಗಿ ಆರಂಭವಾಯಿತು. ಈಗ ಹಲವು ದೇಶಗಳಲ್ಲಿ ನಡೆಯುತ್ತದೆ. ಶನಿವಾರ ಬೆಳಗ್ಗೆ ಒಂಬತ್ತಕ್ಕೆ, ಐದು ಕಿಲೋಮೀಟರ್, ಹಣ ಕೊಡಬೇಕಾಗಿಲ್ಲ, ಓಡಬಹುದು ಇಲ್ಲವೇ ನಡೆಯಬಹುದು. ನಡೆಸುವವರೆಲ್ಲರೂ ಸ್ವಯಂಸೇವಕರು, ಒಂದು ವಾರ ಓಡಿದವರು ಇನ್ನೊಂದು ವಾರ ಸಮಯ ಗುರುತು ಹಾಕುತ್ತಾರೆ ಅಥವಾ ತಿರುವಿನಲ್ಲಿ ನಿಂತು ದಾರಿ ತೋರಿಸುತ್ತಾರೆ.

ಮೇಡಂ ಅವರ ಮೊದಲ ಬಳಗ ನಿಂತ ಕಾರಣ ಓದಿದಾಗ ನನಗೆ ಇಲ್ಲಿನ ಒಂದು ವ್ಯವಸ್ಥೆ ನೆನಪಾಯಿತು. ಎಲ್ಲರಿಗಿಂತ ಕೊನೆಗೆ ನಡೆದು ಬರುವುದಕ್ಕೆಂದೇ ಪ್ರತಿ ವಾರ ಒಬ್ಬ ಸ್ವಯಂಸೇವಕರು ಇರುತ್ತಾರೆ. ಆದ್ದರಿಂದ ಬಂದವರಲ್ಲಿ ಯಾರೂ ಕೊನೆಯವರಾಗುವುದೇ ಇಲ್ಲ. ನಾನು ಮೊದಲ ದಿನ ಏದುಸಿರು ಬಿಡುತ್ತ ಐವತ್ತೆರಡು ನಿಮಿಷ ತೆಗೆದುಕೊಂಡಾಗ, ನನ್ನ ಹಿಂದೆ ಎರಡು ಹೆಜ್ಜೆ ಬಿಟ್ಟು ಬರುತ್ತಿದ್ದ ಹಿರಿಯ ಮಹಿಳೆ ನನ್ನ ಊರಿನ ಬಗ್ಗೆ, ಅಮ್ಮನ ಬಗ್ಗೆ ಕೇಳುತ್ತಲೇ ಬಂದರು. ಈ ದೇಶದಲ್ಲಿ ಯಾರೋ ನನ್ನನ್ನು ಅಷ್ಟು ಹೊತ್ತು ಮಾತನಾಡಿಸಿದ್ದು ಅದೇ ಮೊದಲು. ಈಗ ತಿಂಗಳಿಗೊಮ್ಮೆ ಕೊನೆಯಲ್ಲಿ ನಡೆಯುವ ಕೆಲಸವನ್ನು ನಾನೇ ಕೇಳಿ ಪಡೆಯುತ್ತೇನೆ.

ಸಾಧನಕೇರಿ, ಧಾರವಾಡ

ವಯಸ್ಸಾದವರ ಪರವಾಗಿ ಬರೆಯುತ್ತೇನೆ. ನನಗೆ ಎಪ್ಪತ್ತೊಂದು. ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಚಟುವಟಿಕೆ ಬೇಕೆಂದೂ, ಅರುವತ್ತೈದು ದಾಟಿದವರು ವಾರಕ್ಕೆ ಮೂರು ದಿನವಾದರೂ ಸಮತೋಲನದ ಅಭ್ಯಾಸ ಮಾಡಬೇಕೆಂದೂ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಸಮತೋಲನದ ಮಾತನ್ನು ನಮ್ಮ ಓರಗೆಯವರು ಕಡೆಗಣಿಸುತ್ತಾರೆ. ನಾನೂ ಕಡೆಗಣಿಸಿ, ಬಚ್ಚಲಲ್ಲಿ ಜಾರಿ ಮೂರು ತಿಂಗಳು ಮಲಗಿದ್ದೆ. ಈಗ ಕೆರೆಯ ಏರಿಯ ಮೇಲೆ ಗೆಳೆಯನ ಭುಜ ಹಿಡಿದು ಒಂಟಿಕಾಲಲ್ಲಿ ನಿಲ್ಲುತ್ತೇನೆ, ಬಳಿಕ ಅವನು ನನ್ನ ಭುಜ ಹಿಡಿಯುತ್ತಾನೆ. ಮನೆಯಲ್ಲಿ ಒಬ್ಬನೇ ಗೋಡೆ ಹಿಡಿದು ಮಾಡು ಎಂದು ವೈದ್ಯರು ಹೇಳಿದ್ದರು, ನಾಲ್ಕು ದಿನವೂ ಮಾಡಲಿಲ್ಲ. ಗೆಳೆಯ ಕಾಯುತ್ತಾನೆಂದರೆ ಏಳಲೇಬೇಕಾಗುತ್ತದೆ.

ಒಂದು ಕೋರಿಕೆ. ನಡುನಡುವೆ ಕುಳಿತುಕೊಳ್ಳಲು ಜಾಗ, ಹತ್ತಿರದಲ್ಲೊಂದು ಶೌಚಾಲಯ, ಇವೆರಡನ್ನೂ ಮೊದಲು ನೋಡಿಕೊಂಡು ಸ್ಥಳ ಆರಿಸಿ. ಹಿರಿಯರೂ ಹೆಣ್ಣುಮಕ್ಕಳೂ ಬಾರದಿರುವುದು ಹೆಚ್ಚಾಗಿ ಈ ಕಾರಣಕ್ಕೇ, ಆದರೆ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಏಳುಕಲ್ಲು, ಬೆಂಗಳೂರು

ಲಂಡನ್ನಿನವರೇ, ಕೊಡಗಿನವರೇ, ನಿಮ್ಮಿಬ್ಬರ ಮಾತನ್ನೂ ಈ ವಾರವೇ ಜಾರಿಗೆ ತರುತ್ತೇನೆ. ಇದುವರೆಗೆ ಪ್ರತಿ ಶನಿವಾರ ನಾನು ಮತ್ತು ನನ್ನ ಹೆಂಡತಿಯೇ ಕಲ್ಲು, ಚೆಂಡು, ನೀರಿನ ಕ್ಯಾನು ಹೊತ್ತು ಇಳಿಯುತ್ತಿದ್ದೆವು. ಇನ್ನು ಮುಂದೆ ಒಂದೊಂದು ಶನಿವಾರ ಒಂದೊಂದು ಮಹಡಿಯವರ ಸರದಿ ಎಂದು ಚೀಟಿ ಬರೆದು ಲಿಫ್ಟಿನ ಪಕ್ಕ ಅಂಟಿಸುತ್ತೇವೆ. ಸರದಿ ಬಂದ ಮಹಡಿಯವರೇ ಅಂದಿನ ಆಟವನ್ನೂ ಆರಿಸಲಿ. ಸಾಧನಕೇರಿಯ ಹಿರಿಯರ ಮಾತಿನಂತೆ ಆರು ಕುರ್ಚಿಗಳನ್ನೂ ಹಾಕಿಸುತ್ತೇನೆ.

ಕೆರೆದಂಡೆ, ಮೈಸೂರು

ನಾನು ಮೂರೇ ಕಾರಣ ಹೇಳಿದ್ದೆ. ನೀವು ಇನ್ನೆರಡನ್ನು ಕಲಿಸಿದಿರಿ: ಹೊಣೆ ಕೈಯಿಂದ ಕೈಗೆ ಹೋಗುತ್ತಿರಬೇಕು, ಕೊನೆಯಲ್ಲಿ ನಡೆಯುವವರ ಜೊತೆ ಒಬ್ಬರು ಇರಲೇಬೇಕು. ನಮ್ಮಲ್ಲಿ ನೋಟ್‌ಬುಕ್ ಇಷ್ಟು ವರ್ಷ ಆ ಹುಡುಗಿಯ ಬಳಿಯೇ ಇತ್ತು. ಅವಳೀಗ ದ್ವಿತೀಯ ಪಿಯುಸಿ. ಪರೀಕ್ಷೆಯ ತಿಂಗಳುಗಳಲ್ಲಿ ಎರಡು ಭಾನುವಾರ ಎಣಿಕೆ ತಪ್ಪಿತ್ತು, ಕಾರಣ ನಮಗೆ ಹೊಳೆದಿರಲಿಲ್ಲ. ನಿನ್ನೆ ಅವಳ ಜೊತೆ ಮಾತನಾಡಿದೆ. ಮುಂದಿನ ವಾರದಿಂದ ನಾಲ್ಕನೆಯ ತರಗತಿಯ ಇಬ್ಬರು ಮಕ್ಕಳು ಬರೆಯುತ್ತಾರೆ, ಅವಳು ಪಕ್ಕದಲ್ಲಿ ನಿಂತು ಕಾಗುಣಿತ ತಿದ್ದುತ್ತಾಳೆ. ಎಲ್ಲರ ಹಿಂದೆ ನಡೆಯುವ ಕೆಲಸವನ್ನು ಈ ತಿಂಗಳು ನಾನು ವಹಿಸಿಕೊಂಡಿದ್ದೇನೆ.

ಮೈಸೂರಿಗೆ ಬರುವವರು ಯಾರೇ ಇರಲಿ, ಭಾನುವಾರ ಆರೂವರೆಗೆ ದಂಡೆಗೆ ಬನ್ನಿ. ಕಾಲಿಗೆ ಹಳೆಯ ಬೂಟು, ಕೈಯಲ್ಲಿ ನೀರಿನ ಬಾಟಲಿ ಇದ್ದರೆ ಸಾಕು. ಬೈನಾಕ್ಯುಲರ್ ನಮ್ಮಲ್ಲಿ ಎರಡಿವೆ, ಸರದಿಯಲ್ಲಿ ನೋಡೋಣ.